ಪಂಚಮಿ ಜೋಕಾಲಿ ಮತ್ತು ‘ಇನ್ನೊಂದು ಐತೆಲ್ಲ’ ಅನ್ನೋ ಮಾತು

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯ್ತು. ಬರೆಯಲು ವಿಷಯ ಇರಲಿಲ್ಲ ಅಂತಲ್ಲ, ಇದ್ದ ಒಂದೇ ವಿಷಯವನ್ನು ಹೇಗೆ ಬರೆಯೋದು ಅಂತ ಗೊತ್ತಾಗಲಿಲ್ಲ. ಗಂಡಸು, ಅದೂ ಡಾಕ್ಟರ್ ಅಲ್ಲದವನು, ಅಂಡಾಶಯದ ಬಗ್ಗೆ ಬರೆದರೆ ಏನಂದುಕೊಳ್ತಾರೋ ಅನ್ನೋ ಅಳುಕು ಬೇರೆ. ಕೊನೆಗೆ ಅಕ್ಕನೇ ಫೋನಿನಲ್ಲಿ, ‘ಬರಿ ತಮ್ಮಾ, ಯಾರಿಗಾದ್ರೂ ಉಪಯೋಗ ಆದೀತು. ಹೆಸರು ಒಂದು ಹಾಕಬ್ಯಾಡ’ ಅಂದಳು. ಹಾಗಾಗಿ ಹೆಸರಿಲ್ಲ.

ಅಕ್ಕನ ಊರು ರಾಮಥಾಳ. ಹುನಗುಂದ ಸೀಮೆಯವರಿಗೆ ಗೊತ್ತಿರುತ್ತೆ. ಉಳಿದವರು 24,000 ಹೆಕ್ಟೇರಿನ ಹನಿ ನೀರಾವರಿ ಯೋಜನೆಯ ಸುದ್ದಿಯಲ್ಲಿ ಹೆಸರು ಕೇಳಿರಬಹುದು. ನಮ್ಮ ಕಡೆ ಶ್ರಾವಣದ ನಾಗಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಉಂಡಿ ಕಟ್ಟೋದು, ಬೇವಿನ ಗಿಡಕ್ಕೆ ಜೋಕಾಲಿ ಹಾಕೋದು. ಎರಡು ವರ್ಷದ ಹಿಂದಿನ ಪಂಚಮಿಯ ಮರುದಿನ ಅಕ್ಕನ ಮಗಳಿಗೆ, ಆಗ ಅವಳಿಗೆ ಹದಿಮೂರು, ಕಿಬ್ಬೊಟ್ಟೆಯ ಬಲಗಡೆ ಇದ್ದಕ್ಕಿದ್ದಂತೆ ನೋವು ಶುರುವಾಯ್ತು. ಎರಡು ಸಲ ವಾಂತಿ. ಅವಳ ಅಜ್ಜಿ, ‘ಜೋಕಾಲಿ ಜೀಕಿ ಜೀಕಿ ಬಟ್ಟಿ ಸರದೈತಿ’ ಅಂತ ಹೊಟ್ಟೆಗೆ ಎಣ್ಣೆ ಹಚ್ಚಿ ತಿಕ್ಕಿಸಿದರು. ಸಂಜೆ ನೋವು ಕಡಿಮೆಯಾಯ್ತು. ರಾತ್ರಿ ಮತ್ತೆ ಬಂತು. ಬೆಳಿಗ್ಗೆ ಆಸ್ಪತ್ರೆಗೆ ಹೋದರು. ಮೊದಲು ಅಪೆಂಡಿಕ್ಸ್ ಇರಬಹುದು ಅಂದರಂತೆ. ಸ್ಕ್ಯಾನಿಂಗ್ ಮಾಡಿದ ಮೇಲೆ ಬೇರೆ ಮಾತು: ಬಲಗಡೆಯ ಅಂಡಾಶಯ ತಿರುಚಿಕೊಂಡಿದೆ, ರಕ್ತ ಹೋಗ್ತಿಲ್ಲ, ತೆಗೆಯಬೇಕು. ಅಕ್ಕ ಅಳೋದು ನೋಡಿ ಅಲ್ಲಿದ್ದವರು, ‘ಹೆದರಬೇಡಿ, ಇನ್ನೊಂದು ಇದೆಯಲ್ಲ’ ಅಂತ ಸಮಾಧಾನ ಹೇಳಿದ್ದಾರೆ.

ಭಾವನಿಗೆ ಏನನ್ನಿಸಿತೋ, ಅಲ್ಲಿಂದ ಗಾಡಿ ಮಾಡಿಕೊಂಡು ಇನ್ನೊಂದು ಊರಿನ ಆಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರಮ್ಮ ದುರ್ಬೀನು ಹಾಕಿ ನೋಡಿ, ತಿರುಚಿದ್ದನ್ನು ಬಿಡಿಸಿ, ಕಪ್ಪಗಾಗಿದ್ದ ಅಂಡಾಶಯವನ್ನು ಅಲ್ಲೇ ಬಿಟ್ಟು ಹೊಟ್ಟೆ ಮುಚ್ಚಿದರು. ಮೂರು ತಿಂಗಳ ಮೇಲೆ ಸ್ಕ್ಯಾನ್ ಮಾಡಿದರೆ ಅದು ಆರಾಮಾಗಿತ್ತು!

ಆದರೆ ಕಥೆ ಅಲ್ಲಿಗೆ ಮುಗೀಲಿಲ್ಲ. ಈಗ ಕೆಲವು ತಿಂಗಳ ಹಿಂದೆ ಅದೇ ಬದಿ, ಅದೇ ನೋವು. ಈ ಸಲ ಹುಡುಗಿಯೇ, ‘ಯವ್ವಾ, ಹೋದ ಸಲದ್ದ ನೋವು ಇದು, ಬಟ್ಟಿ ಗಿಟ್ಟಿ ಅಲ್ಲ, ನಡಿ’ ಅಂತ ಎಬ್ಬಿಸಿಕೊಂಡು ಹೋಗಿದ್ದಾಳೆ. ಈ ಸಲ ಬಿಡಿಸಿದ್ದಷ್ಟೇ ಅಲ್ಲ, ಮತ್ತೆ ತಿರುಚದ ಹಾಗೆ ಹೊಲಿಗೆ ಹಾಕಿ ಕಟ್ಟಿದ್ದಾರೆ. ಡಿಸ್ಚಾರ್ಜ್ ಕಾಗದದಲ್ಲಿ ‘ಊಫೊರೊಪೆಕ್ಸಿ’ ಅಂತ ಬರೆದಿತ್ತು. ಅಕ್ಕ ಅದರ ಫೋಟೋ ಕಳಿಸಿ, ‘ಏನಿದು ಓದಿ ಹೇಳು’ ಅಂದಳು. ಓದುತ್ತಾ ಹೋದೆ. ಒಂದು ಪದ ಹುಡುಕಲು ಹೋಗಿ ಇನ್ನೂರು ವರ್ಷ ಹಿಂದಕ್ಕೆ ಹೋಗಿಬಿಟ್ಟೆ.

ಮೊದಲು ಆಗೋದೇನು ಅನ್ನೋದನ್ನು ನನಗೆ ತಿಳಿದ ಹಾಗೆ ಹೇಳಿಬಿಡ್ತೀನಿ. ಅಂಡಾಶಯ ಹೊಟ್ಟೆಯೊಳಗೆ ಎರಡು ಕಡೆಯಿಂದ ತೂಗುಬಿದ್ದಿರುತ್ತೆ, ನಮ್ಮ ಜೋಕಾಲಿಯ ಹಾಗೇ. ಒಂದು ಲಿಗಮೆಂಟು ಅದನ್ನು ಗರ್ಭಕೋಶಕ್ಕೆ ಕಟ್ಟಿರುತ್ತೆ, ಇನ್ನೊಂದು ಕಿಬ್ಬೊಟ್ಟೆಯ ಪಕ್ಕದ ಗೋಡೆಗೆ. ರಕ್ತನಾಳಗಳೂ ಈ ಹಗ್ಗಗಳ ಜೊತೆಯಲ್ಲೇ ಬರೋದು. ಜೋಕಾಲಿಯ ಹಗ್ಗ ಉದ್ದವಾದಷ್ಟೂ ಹುರಿಗೊಳ್ಳೋದು ಸುಲಭ, ಮಣೆಯ ಮೇಲೆ ಭಾರ ಕೂತರೆ ಇನ್ನೂ ಸುಲಭ. ದೊಡ್ಡವರಲ್ಲಿ ಸಾಮಾನ್ಯವಾಗಿ ಅಂಡಾಶಯದಲ್ಲಿ ಸಿಸ್ಟ್ ಬೆಳೆದು ಅದರ ಭಾರಕ್ಕೆ ತಿರುಚುತ್ತೆ. ಸಣ್ಣ ಹುಡುಗಿಯರಲ್ಲಿ ಸಿಸ್ಟ್ ಇಲ್ಲದೆಯೂ ತಿರುಚಬಹುದು, ಕೆಲವರಿಗೆ ಹುಟ್ಟಿನಿಂದಲೇ ಈ ಹಗ್ಗ ಉದ್ದ ಇರುತ್ತಂತೆ. ಎಡಗಡೆ ದೊಡ್ಡಕರುಳಿನ ಕೊನೆಯ ಭಾಗ ಜಾಗ ಹಿಡಿದು ಕೂತಿರೋದರಿಂದ ಎಡಕ್ಕಿಂತ ಬಲಗಡೆ ತಿರುಚೋದು ಹೆಚ್ಚು. ಅದಕ್ಕೇ ಅಪೆಂಡಿಕ್ಸ್ ಅನ್ನೋ ಗೊಂದಲ. (ಅಜ್ಜಿಗೆ ಒಂದು ಮಾತು: ಪಂಚಮಿ ಜೋಕಾಲಿಯದೇ ತಪ್ಪು ಅಂತ ಹೇಳಲಾಗದು. ಮಲಗಿದ್ದಾಗಲೂ ಇದು ಆಗುತ್ತೆ.)

ತಿರುಚಿದಾಗ ಮೊದಲು ಮುಚ್ಚಿಕೊಳ್ಳೋದು ತೆಳು ಗೋಡೆಯ ಅಭಿಧಮನಿಗಳು. ರಕ್ತ ಒಳಗೆ ಬರುತ್ತೆ, ಹೊರಗೆ ಹೋಗೋದಿಲ್ಲ. ಅಂಡಾಶಯ ಊದಿಕೊಂಡು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತೆ. ಈ ಬಣ್ಣವನ್ನು ನೆನಪಿಟ್ಟುಕೊಳ್ಳಿ, ಇಡೀ ಚರಿತ್ರೆ ಇರೋದು ಇದರಲ್ಲೇ.

ಅಂಡಾಶಯದ ಶಸ್ತ್ರಚಿಕಿತ್ಸೆಯ ಚರಿತ್ರೆ ಶುರುವಾಗೋದು ಸಾಮಾನ್ಯವಾಗಿ 1809ರ ಡಿಸೆಂಬರಿನಿಂದ. ಅಮೆರಿಕದ ಕೆಂಟಕಿಯ ಡ್ಯಾನ್‌ವಿಲ್ ಅನ್ನೋ ಸಣ್ಣ ಊರು. ಜೇನ್ ಟಾಡ್ ಕ್ರಾಫರ್ಡ್ ಅನ್ನೋ ಹೆಂಗಸು ಹೊಟ್ಟೆಯಲ್ಲಿ ಹತ್ತು ಕಿಲೋದಷ್ಟು ಗಡ್ಡೆ ಹೊತ್ತು, ಸುಮಾರು ನೂರು ಕಿಲೋಮೀಟರ್ ಕುದುರೆ ಮೇಲೆ ಬಂದಳು. ಎಫ್ರೈಮ್ ಮೆಕ್‌ಡೊವೆಲ್ ಅನ್ನೋ ಡಾಕ್ಟರ್ ತನ್ನ ಮನೆಯಲ್ಲೇ, ಅರಿವಳಿಕೆ ಇಲ್ಲದೆ, ಇಪ್ಪತ್ತೈದು ನಿಮಿಷದಲ್ಲಿ ಅದನ್ನು ತೆಗೆದ. ಈಥರ್ ಅರಿವಳಿಕೆ ಬಂದದ್ದೇ 1846ರಲ್ಲಿ. ಹೊಟ್ಟೆ ಕೊಯ್ದರೆ ಸಾವೇ ಅಂತ ನಂಬಿದ್ದ ಕಾಲ ಅದು. ಆಕೆ ಬದುಕಿದಳು, 78ನೇ ವಯಸ್ಸಿನವರೆಗೆ! ನನಗೆ ಇದರಲ್ಲಿ ದೊಡ್ಡವನು ಆ ಡಾಕ್ಟರೋ ಅಥವಾ ಗಡ್ಡೆಯನ್ನು ತಡಿಯ ಮೇಲೆ ಊರಿಕೊಂಡು ಅಷ್ಟು ದೂರ ಬಂದ ಆ ತಾಯಿಯೋ ಅಂತ ಇನ್ನೂ ತೀರ್ಮಾನಿಸಲಾಗಿಲ್ಲ.

ಆಮೇಲಿನ ಐವತ್ತು ಅರವತ್ತು ವರ್ಷಗಳಲ್ಲಿ ಇಂಥ ಆಪರೇಷನ್ ಯುರೋಪಿನಲ್ಲೆಲ್ಲ ಹಬ್ಬಿತು. ವಿಯೆನ್ನಾದ ಕಾರ್ಲ್ ರೋಕಿಟಾನ್ಸ್ಕಿ 1865ರಲ್ಲಿ ಅಂಡಾಶಯದ ಗಡ್ಡೆ ತನ್ನ ತೊಟ್ಟಿನ ಮೇಲೆ ತಾನೇ ತಿರುಗಿ ಕತ್ತು ಹಿಸುಕಿಕೊಳ್ಳೋದರ ಬಗ್ಗೆ ಬರೆದ. ಆತ ಹೆಣ ಕೊಯ್ದು ರೋಗ ಹುಡುಕುವ ವಿದ್ಯೆಯ ದೊಡ್ಡ ಹೆಸರು. ತಿರುಚಿಕೊಳ್ಳೋದು ಗೊತ್ತಾಯ್ತು, ಚಿಕಿತ್ಸೆ ಮಾತ್ರ ಒಂದೇ: ಕತ್ತರಿಸಿ ತೆಗೆಯೋದು.

ಸರಿ, ಜೀವ ಉಳಿಸೋಕೆ ಗಡ್ಡೆ ತೆಗೆದರು ಅನ್ನೋಣ. ಆದರೆ ಕತ್ತರಿ ಅಲ್ಲಿಗೇ ನಿಲ್ಲಲಿಲ್ಲ. 1872ರಲ್ಲಿ ಅಮೆರಿಕದ ರಾಬರ್ಟ್ ಬ್ಯಾಟೆ ಅನ್ನೋ ಡಾಕ್ಟರ್ ರೋಗವೇ ಇಲ್ಲದ ಅಂಡಾಶಯಗಳನ್ನೂ ತೆಗೆಯೋಕೆ ಶುರುಮಾಡಿದ. ಮುಟ್ಟಿನ ನೋವು, ಫಿಟ್ಸು, ‘ನರಗಳ ದೌರ್ಬಲ್ಯ’, ಎಲ್ಲಕ್ಕೂ ಅದೇ ಮದ್ದು. ‘ಬ್ಯಾಟೆಯ ಆಪರೇಷನ್’ ಅಂತಲೇ ಅದು ಹೆಸರಾಯ್ತು. ಸಾವಿರಾರು ಹೆಣ್ಣುಮಕ್ಕಳು ಅದಕ್ಕೆ ಬಲಿಯಾದ ಮೇಲೆ, ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ, ಅದು ನಿಧಾನಕ್ಕೆ ಮರೆಯಾಯ್ತು.

ಇದು ಎಲ್ಲೋ ದೂರದ ಹಳೇ ಕಥೆ ಅಂದುಕೊಳ್ಳೋ ಹಾಗಿಲ್ಲ. ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳ ಗರ್ಭಕೋಶ ಅನವಶ್ಯಕವಾಗಿ ತೆಗೆದ ಪ್ರಕರಣಗಳು 2015ರ ಸುಮಾರಿಗೆ ಹೊರಬಿದ್ದವು, ಆ ಹೆಂಗಸರೇ ಬೀದಿಗೆ ಬಂದು ಧರಣಿ ಕೂತರು. ಬಿಳಿಮುಟ್ಟು, ಹೊಟ್ಟೆನೋವು ಅಂತ ಹೋದ ಚಿಕ್ಕ ವಯಸ್ಸಿನವರಿಗೂ ‘ಬಿಟ್ಟರೆ ಕ್ಯಾನ್ಸರ್ ಆಗುತ್ತೆ’ ಅಂತ ಹೆದರಿಸಿದ್ದರು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 3.2ರಷ್ಟು ಜನರ ಗರ್ಭಕೋಶ ತೆಗೆಯಲಾಗಿತ್ತು. 2022ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದನ್ನು ತಡೆಯಲು ಮಾರ್ಗಸೂಚಿ ಮಾಡಿತು, 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ರಾಜ್ಯಗಳು ಜಾರಿಗೆ ತರಬೇಕು ಅಂತ ಹೇಳಿತು. ಗರ್ಭಕೋಶ ಬೇರೆ, ಅಂಡಾಶಯ ಬೇರೆ, ನಿಜ. ಆದರೆ ಹೆಣ್ಣಿನ ಹೊಟ್ಟೆಯಲ್ಲಿರೋದನ್ನು ಸುಲಭವಾಗಿ ತೆಗೆದುಬಿಡಬಹುದು ಅನ್ನೋ ಮನಸ್ಸು ಒಂದೇ.

ಮತ್ತೆ ತಿರುಚಿದ ಅಂಡಾಶಯಕ್ಕೆ ಬರ್ತೀನಿ. ಇದನ್ನು ಬಿಡಿಸದೆ ತೆಗೆಯೋದಕ್ಕೆ ಡಾಕ್ಟರುಗಳ ಹತ್ತಿರ ಎರಡು ಕಾರಣ ಇದ್ದವು. ಒಂದು, ಬಣ್ಣ. ಕಪ್ಪಗಾಗಿದೆ ಅಂದರೆ ಸತ್ತಿದೆ. ಎರಡನೆಯದು, ಹೆದರಿಕೆ. ತಿರುಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿರುತ್ತೆ, ಬಿಡಿಸಿದರೆ ಆ ಹೆಪ್ಪು ಹರಿದು ಶ್ವಾಸಕೋಶಕ್ಕೆ ಹೋಗಿ ಕೂರುತ್ತೆ, ರೋಗಿ ಟೇಬಲ್ ಮೇಲೇ ಹೋಗಿಬಿಡ್ತಾಳೆ. ಆದ್ದರಿಂದ ಮೊದಲು ಬುಡಕ್ಕೆ ಕ್ಲಾಂಪ್ ಹಾಕು, ಆಮೇಲೆ ಕತ್ತರಿಸು. ಬಿಡಿಸಬೇಡ. ಮೇಷ್ಟ್ರಿಂದ ಶಿಷ್ಯನಿಗೆ ಈ ಪಾಠ ತಲೆಮಾರುಗಳ ಕಾಲ ನಡೆದುಬಂತು.

ಇದನ್ನು ಪರೀಕ್ಷೆ ಮಾಡಿ ನೋಡಿದವರು ಯಾರು? ಹುಡುಕಿದರೆ ಸಿಗೋ ಮೊದಮೊದಲ ಹೆಸರು ಬ್ರಿಟನ್ನಿನ ಸ್ಟ್ಯಾನ್ಲಿ ವೇ. ತಿರುಚಿದ್ದನ್ನು ಬಿಡಿಸಿ, ಸಿಸ್ಟ್ ಮಾತ್ರ ತೆಗೆದು, ಅಂಡಾಶಯ ಉಳಿಸಿದ ಬಗ್ಗೆ ಆತ 1946ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ. ಆ ಬರಹ ಬಂದಾಗ ನಮಗೆ ಸ್ವಾತಂತ್ರ್ಯ ಬರೋಕೆ ಇನ್ನೂ ಒಂದು ವರ್ಷ ಇತ್ತು, ರಾಮಥಾಳ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯ ಒಂದು ಹಳ್ಳಿ. ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಶುರುವಾಗಲು ಇನ್ನೂ ಹನ್ನೊಂದು ವರ್ಷ ಬೇಕಿತ್ತು (1957). ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು ಬಂದದ್ದು 2002ರಲ್ಲಿ. ನಮ್ಮ ದೊಡ್ಡವ್ವನಿಗೆ ಎಂಬತ್ತರ ದಶಕದಲ್ಲಿ ಹೊಟ್ಟೆ ಆಪರೇಷನ್ ಆಗಿತ್ತು. ಏನು ತೆಗೆದರು ಅಂತ ಕೇಳಿದರೆ ಇವತ್ತಿಗೂ ಅವಳದ್ದು ಒಂದೇ ಉತ್ತರ: ‘ಗಡ್ಡಿ ಇತ್ತಂತ, ತಗದ್ರು.’ ಗಡ್ಡೆ ಮಾತ್ರ ತೆಗೆದರೋ, ಅಂಡಾಶಯವನ್ನೂ ತೆಗೆದರೋ, ಒಂದೋ ಎರಡೋ... ಅವಳಿಗೆ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕಾಗದವೂ ಇಲ್ಲ.

ವೇ ಬರೆದದ್ದನ್ನು ವೈದ್ಯಲೋಕ ತಕ್ಷಣ ಒಪ್ಪಿಕೊಳ್ಳಲಿಲ್ಲ. ಒಪ್ಪಲು ಎರಡು ಯಂತ್ರಗಳು ಬರಬೇಕಾಯ್ತು. ಒಂದು ಅಲ್ಟ್ರಾಸೌಂಡ್. ಸ್ಕಾಟ್ಲೆಂಡಿನ ಇಯಾನ್ ಡೊನಾಲ್ಡ್ 1958ರಲ್ಲಿ ಅದರ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಒಬ್ಬ ಹೆಂಗಸಿನ ಕಥೆ ಬರುತ್ತೆ. ಹೊಟ್ಟೆಯ ಕ್ಯಾನ್ಸರ್, ಆಪರೇಷನ್‌ಗೂ ಮೀರಿದ್ದು ಅಂತ ಕೈಬಿಟ್ಟಿದ್ದರು. ಸ್ಕ್ಯಾನ್ ಮಾಡಿದರೆ ಅದು ಅಂಡಾಶಯದ ದೊಡ್ಡ ಸಿಸ್ಟ್! ತೆಗೆದರು, ಆಕೆ ಗುಣವಾದಳು. ನಮ್ಮಲ್ಲಿ ಸ್ಕ್ಯಾನಿಂಗ್ ಅಂದ ಕೂಡಲೇ ಭ್ರೂಣಲಿಂಗ ಪತ್ತೆಯ ಕಳಂಕ, 1994ರ ಕಾನೂನು ನೆನಪಾಗುತ್ತೆ. ಅದೇ ಯಂತ್ರ ಹೆಣ್ಣುಮಕ್ಕಳನ್ನು ಉಳಿಸಿದ್ದೂ ಇದೆ ಅನ್ನೋದಕ್ಕೆ ಇದನ್ನು ಹೇಳಿದೆ.

ಎರಡನೆಯದು ಲ್ಯಾಪ್ರೊಸ್ಕೋಪಿ. ಸ್ವೀಡನ್ನಿನ ಯಾಕೋಬಿಯಸ್ 1910ರಲ್ಲೇ ಮನುಷ್ಯರ ಹೊಟ್ಟೆಯೊಳಗೆ ನಳಿಗೆ ಹಾಕಿ ನೋಡಿದ್ದ. ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ 1980ರಲ್ಲಿ ಅದೇ ದಾರಿಯಿಂದ ಅಪೆಂಡಿಕ್ಸ್ ತೆಗೆದಾಗ ಸರ್ಜನ್ನರೆಲ್ಲ ಬೈದರಂತೆ. ನಮ್ಮ ಹಳ್ಳಿಗಳಿಗೆ ಈ ದುರ್ಬೀನು ಮೊದಲು ಬಂದದ್ದು ರೋಗಕ್ಕಲ್ಲ, ಎಂಬತ್ತರ ದಶಕದ ಕುಟುಂಬ ಯೋಜನೆ ಕ್ಯಾಂಪುಗಳಲ್ಲಿ. ಮಕ್ಕಳಾಗದ ಹಾಗೆ ಮಾಡಲು ಬಂದ ಉಪಕರಣವೇ ಮುಂದೆ ಅಂಡಾಶಯ ಉಳಿಸುವ ಉಪಕರಣವಾಯ್ತು.

ಸಣ್ಣ ತೂತಿನಿಂದ ನೋಡಬಹುದು, ಬೇಕಾದರೆ ಮತ್ತೊಮ್ಮೆ ನೋಡಬಹುದು ಅಂತಾದ ಮೇಲೆ ಡಾಕ್ಟರುಗಳಿಗೆ ಧೈರ್ಯ ಬಂತು. ಕಪ್ಪಗಿದ್ದದ್ದನ್ನು ಬಿಡಿಸಿ, ಅಲ್ಲೇ ಬಿಟ್ಟು, ಕಾದು ನೋಡಿದರು. ಇಸ್ರೇಲಿನ ವೈದ್ಯರು 2003ರಲ್ಲಿ ಹೀಗೆ ಮಾಡಿದ ನೂರಕ್ಕೂ ಹೆಚ್ಚು ಹೆಂಗಸರ ವರದಿ ಕೊಟ್ಟರು. ಮುಂದೆ ಪರೀಕ್ಷಿಸಿ ನೋಡಿದವರಲ್ಲಿ ಶೇ. 90ಕ್ಕಿಂತ ಹೆಚ್ಚು ಜನರ ಅಂಡಾಶಯ ಮತ್ತೆ ಕೆಲಸ ಮಾಡ್ತಿತ್ತು! ಕಪ್ಪು ಅಂದರೆ ಸಾವಲ್ಲ, ಒಳಗೆ ಸಿಕ್ಕಿಕೊಂಡ ರಕ್ತ ಅಷ್ಟೆ. ಅಂಡಾಶಯಕ್ಕೆ ಎರಡು ಕಡೆಯಿಂದ ರಕ್ತ ಬರೋದೂ ಅದರ ಅದೃಷ್ಟ. ಇನ್ನು ಹೆಪ್ಪು ಶ್ವಾಸಕೋಶಕ್ಕೆ ಹೋಗುತ್ತೆ ಅನ್ನೋ ಹೆದರಿಕೆ? 1999ರಲ್ಲಿ ಅಲ್ಲಿಯವರೆಗಿನ ವರದಿಗಳನ್ನೆಲ್ಲ ಕೂಡಿಸಿ ನೋಡಿದಾಗ ಅಂಥದ್ದು ಆದದ್ದು ಸಾವಿರಕ್ಕೆ ಎರಡರಷ್ಟು. ಅದೂ ಬಿಡಿಸಿದವರಲ್ಲಿ ಹೆಚ್ಚೇನೂ ಇರಲಿಲ್ಲ. ಅಷ್ಟು ವರ್ಷ ಕತ್ತರಿಸಿದ್ದಕ್ಕೆ ಕೊಟ್ಟ ಕಾರಣಕ್ಕೆ ಆಧಾರವೇ ಇರಲಿಲ್ಲ! ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘ 2019ರಲ್ಲಿ ಹದಿಹರೆಯದವರ ಬಗ್ಗೆ ಸ್ಪಷ್ಟವಾಗಿ ಹೇಳಿತು: ಅಂಡಾಶಯ ಹೇಗೇ ಕಾಣಲಿ, ಬಿಡಿಸಿ, ಉಳಿಸಿ.

ಉಳಿಸಿದ್ದಾಯ್ತು. ಉಳಿಸಿದ ಮೇಲೆ ಹೊಸ ಪ್ರಶ್ನೆ ಹುಟ್ಟಿತು, ತೆಗೆಯುತ್ತಿದ್ದ ಕಾಲದಲ್ಲಿ ಆ ಬದಿಗೆ ಹುಟ್ಟಲು ಸಾಧ್ಯವೇ ಇಲ್ಲದ ಪ್ರಶ್ನೆ: ಇದು ಮತ್ತೆ ತಿರುಚಿದರೆ?

ಸಿಸ್ಟ್ ಇದ್ದು ತಿರುಚಿದ್ದರೆ ಉತ್ತರ ಸುಲಭ. ಆಗಲೇ ಅಥವಾ ಬಾವು ಇಳಿದ ಮೇಲೆ ಸಿಸ್ಟ್ ತೆಗೆದರೆ ಮಣೆಯ ಮೇಲಿನ ಭಾರ ಇಳಿಯುತ್ತೆ. ಮತ್ತೆ ತಿರುಚೋ ಸಂಭವ ಹೆಚ್ಚಿರೋದು ಸಿಸ್ಟ್ ಇಲ್ಲದೆ ತಿರುಚಿದವರಲ್ಲಿ, ನಮ್ಮ ಹುಡುಗಿಯಂಥವರಲ್ಲಿ. ಅಲ್ಲಿ ಕಾರಣ ಹಗ್ಗದಲ್ಲೇ ಇದೆ. 1990ರ ದಶಕದಿಂದ ಲ್ಯಾಪ್ರೊಸ್ಕೋಪಿಯಲ್ಲೇ ಹೊಲಿದು ಕಟ್ಟಿದ ವರದಿಗಳು ಬರತೊಡಗಿದವು. ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಹಗ್ಗ ಗಿಡ್ಡ ಮಾಡೋದು. ಅಂಡಾಶಯವನ್ನು ಗರ್ಭಕೋಶಕ್ಕೆ ಕಟ್ಟಿರುವ ಲಿಗಮೆಂಟಿನ ಉದ್ದಕ್ಕೂ ದಾರ ಓಡಿಸಿ ಎಳೆದು ಗಂಟು ಹಾಕಿದರೆ ಅದು ನೆರಿಗೆಯಾಗಿ ಗಿಡ್ಡವಾಗುತ್ತೆ, ಲಂಗದ ಲಾಡಿ ಎಳೆದ ಹಾಗೆ. ಇದರಲ್ಲಿ ಅಂಡಾಶಯಕ್ಕೆ ಸೂಜಿ ಹೆಚ್ಚು ತಾಕೋದಿಲ್ಲ, ಅದು ತನ್ನ ಜಾಗದಲ್ಲೇ ಇರುತ್ತೆ.

ಎರಡನೆಯದು ಅಂಡಾಶಯವನ್ನೇ ಕಿಬ್ಬೊಟ್ಟೆಯ ಪಕ್ಕದ ಗೋಡೆಯ ಪೊರೆಗೆ ಹೊಲಿಯೋದು. ಗಟ್ಟಿಯಾಗಿ ಕೂರುತ್ತೆ. ಆದರೆ ಆ ಪೊರೆಯ ಹಿಂದೆಯೇ ಮೂತ್ರನಾಳ, ದೊಡ್ಡ ರಕ್ತನಾಳಗಳು ಹಾದುಹೋಗ್ತವೆ. ಸೂಜಿ ಎಲ್ಲಿ ಹಾಕ್ತೀವಿ ಅನ್ನೋ ಎಚ್ಚರ ಬೇಕೇ ಬೇಕು.

ಮೂರನೆಯದು ಗರ್ಭಕೋಶದ ಹಿಂಭಾಗಕ್ಕೋ ಅದರ ಬೇರೆ ಲಿಗಮೆಂಟುಗಳಿಗೋ ಹೊಲಿಯೋದು.

ಕರಗುವ ದಾರವೋ ಕರಗದ ದಾರವೋ ಅನ್ನೋದರಲ್ಲೂ ಡಾಕ್ಟರುಗಳಲ್ಲಿ ಒಮ್ಮತ ಇಲ್ಲ. ಹೊಲಿದ ಮೇಲೂ ಮತ್ತೆ ತಿರುಚಿದ ಪ್ರಕರಣಗಳಿವೆ.

ಹಾಗಾದರೆ ಎಲ್ಲರಿಗೂ ಮೊದಲ ಸಲವೇ ಹೊಲಿದುಬಿಡಬಾರದೇಕೆ? ಗಂಡುಹುಡುಗರಿಗೆ ವೃಷಣ ತಿರುಚಿದಾಗ ಹಾಗೇ ಮಾಡ್ತಾರೆ. ಬಿಡಿಸಿ, ಆ ಬದಿಯನ್ನೂ ಇನ್ನೊಂದು ಬದಿಯನ್ನೂ ಹೊಲಿದೇ ಕಳಿಸೋದು, ಅದರಲ್ಲಿ ಚರ್ಚೆಯೇ ಇಲ್ಲ. ನೋಡಿ, ಅಲ್ಲಿ ‘ಇನ್ನೊಂದು ಇದೆಯಲ್ಲ’ ಅನ್ನೋದು ಇನ್ನೊಂದನ್ನೂ ಕಾಪಾಡಲು ಕಾರಣವಾಯ್ತು. ನಮ್ಮ ಹುಡುಗಿಯ ವಿಷಯದಲ್ಲಿ ಅದೇ ಮಾತು ಕತ್ತರಿಗೆ ಕಾರಣವಾಗುತ್ತಿತ್ತು! ಇದನ್ನು ಓದಿದಾಗ ನನಗೆ ಸಿಟ್ಟೇ ಬಂತು. ಆದರೆ ನ್ಯಾಯವಾಗಿ ಹೇಳಬೇಕು, ಅಂಡಾಶಯಕ್ಕೆ ಹಿಂಜರಿಯಲು ಬೇರೆ ಕಾರಣವೂ ಇದೆ. ತಿಂಗಳಿಗೊಮ್ಮೆ ಹೊರಬರುವ ಅಂಡವನ್ನು ಪಕ್ಕದ ಅಂಡನಾಳ ತನ್ನ ಬೆರಳುಗಳಿಂದ ಹಿಡಿದುಕೊಳ್ಳಬೇಕು. ಅಂಡಾಶಯವನ್ನು ಎಲ್ಲೆಲ್ಲಿಗೋ ಹೊಲಿದರೆ ಆ ನೆಂಟಸ್ತಿಕೆ ಕೆಡಬಹುದು, ಹೊಲಿಗೆಯ ಸುತ್ತ ಅಂಟು ಬೆಳೆದು ಮುಂದೆ ಬಸಿರಿಗೆ ತೊಂದರೆಯಾಗಬಹುದು ಅನ್ನೋ ಶಂಕೆ. ಆದ್ದರಿಂದ ಎರಡನೇ ಸಲ ತಿರುಚಿದವರಿಗೆ, ಒಂದೇ ಅಂಡಾಶಯ ಉಳಿದವರಿಗೆ, ಹಗ್ಗ ಎದ್ದುಕಾಣುವಷ್ಟು ಉದ್ದ ಇರುವವರಿಗೆ ಹೊಲಿಯೋದು ಹೆಚ್ಚಾಗಿ ನಡೆದುಬಂದಿರುವ ಪದ್ಧತಿ. ನಮ್ಮ ಹುಡುಗಿಗೆ ಹಗ್ಗ ಗಿಡ್ಡ ಮಾಡಿದ್ದಾರೆ.

ಇನ್ನೊಂದು ಅಂಡಾಶಯದಿಂದ ಮುಟ್ಟು ಬರುತ್ತೆ, ಮಕ್ಕಳಾಗುತ್ತೆ, ಅದು ಸುಳ್ಳಲ್ಲ. ಹಾಗೆ ಒಂದನ್ನು ಕಳೆದುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ಗಾಬರಿ ಬೇಡ. ಆದರೆ ಆ ಇನ್ನೊಂದೂ ಮುಂದೊಮ್ಮೆ ತಿರುಚಿದ ಉದಾಹರಣೆಗಳಿವೆ.

ಕೊನೆಗೆ ನಾಲ್ಕು ಮಾತು. ನಾನು ಡಾಕ್ಟರ್ ಅಲ್ಲ, ಇದು ವೈದ್ಯಕೀಯ ಸಲಹೆಯೂ ಅಲ್ಲ. ಹುಡುಗಿಯರಿಗೆ ಕಿಬ್ಬೊಟ್ಟೆಯಲ್ಲಿ ಒಂದೇ ಬದಿ ದಿಢೀರ್ ನೋವು, ಜೊತೆಗೆ ವಾಂತಿ ಇದ್ದರೆ, ಬಂದು ಹೋಗಿ ಮಾಡಿದರೂ ಸರಿ, ಮುಟ್ಟಿನ ನೋವಿರಬೇಕು ಅಂತ ಬಿಡಬೇಡಿ, ಹೊಟ್ಟೆ ತಿಕ್ಕಿಸಬೇಡಿ. ಸ್ಕ್ಯಾನಿನಲ್ಲಿ ರಕ್ತ ಹರಿಯೋದು ಕಂಡರೂ ತಿರುಚಿರಬಹುದಂತೆ. ಇಲ್ಲಿ ಗಂಟೆಗಳೇ ಮುಖ್ಯ. ಹಾಗಂತ ತಡವಾಯ್ತು ಅಂತ ಕೈಬಿಡಬೇಕಾಗಿಲ್ಲ, ನಮ್ಮದು ಮೊದಲ ಸಲ ಒಂದೂವರೆ ದಿನ ಕಳೆದಿತ್ತು. ತೆಗೆಯಬೇಕು ಅಂದರೆ, ‘ಬಿಡಿಸಿ ಉಳಿಸೋಕೆ ಆಗೋದಿಲ್ವಾ?’ ಅಂತ ಒಂದು ಮಾತು ಕೇಳಿ. ಕೇಳೋದರಲ್ಲಿ ಅವಿಧೇಯತೆ ಏನಿಲ್ಲ.

ಡಾ. ಅನುಪಮಾ ನಿರಂಜನ ಎಷ್ಟೋ ವರ್ಷಗಳ ಹಿಂದೆಯೇ ಹದಿಹರೆಯದ ಹುಡುಗಿಯರಿಗಾಗಿ ‘ಕೇಳು ಕಿಶೋರಿ’ ಬರೆದರು. ಈ ಸಲ ಊರಿಗೆ ಹೋದಾಗ ಒಂದು ಪ್ರತಿ ಒಯ್ದು ಕೊಟ್ಟೆ. ಹುಡುಗಿ ತನ್ನ ಡಿಸ್ಚಾರ್ಜ್ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಆ ಪುಸ್ತಕದೊಳಗೇ ಇಟ್ಟುಕೊಂಡಿದ್ದಾಳೆ. ಊಫೊರೊಪೆಕ್ಸಿ ಅಂತ ತಪ್ಪಿಲ್ಲದೆ ಹೇಳ್ತಾಳೆ, ದೊಡ್ಡವ್ವನಿಗೂ ಹೇಳಿಕೊಡಲು ನೋಡಿ ಸೋತಿದ್ದಾಳೆ.

‘ಮಾಮಾ, ಮುಂದಿನ ಪಂಚಮಿಗೆ ಜೋಕಾಲಿ ಆಡಬಹುದಾ?’ ಅಂತ ಕೇಳಿದಳು. ನನ್ನನ್ನಲ್ಲ, ಡಾಕ್ಟರಮ್ಮನ್ನ ಕೇಳು ಅಂದೆ. ಕೇಳಿದ್ದಾಳೆ. ಗಾಯ ಮಾಗಿದ ಮೇಲೆ ಧಾರಾಳವಾಗಿ ಆಡು ಅಂದಿದ್ದಾರಂತೆ. ಅವಳ ಅಜ್ಜಿ ಮಾತ್ರ ಇನ್ನೂ ಒಪ್ಪಿಲ್ಲ.